ಪದರದೊಳಗೆ ಉಳಿದ ಕೀಲಿಕೈ

2019ರ ಏಪ್ರಿಲ್ ಕೊನೆಯ ವಾರ ಜಗತ್ತಿನ ಅಸಂಖ್ಯ ಪ್ರೋಗ್ರಾಮರ್‌ಗಳಿಗೆ ಡಾಕರ್ ಕಂಪನಿಯಿಂದ ಒಂದು ಇಮೇಲ್ ಬಂತು. ಡಾಕರ್ ಹಬ್‌ನ ಒಂದು ಡೇಟಾಬೇಸ್‌ಗೆ ಯಾರೋ ಅನುಮತಿಯಿಲ್ಲದೆ ನುಗ್ಗಿದ್ದಾರೆ, ಸುಮಾರು 1,90,000 ಖಾತೆಗಳ ಮಾಹಿತಿ ಅವರ ಕೈಸೇರಿರಬಹುದು ಎಂಬುದು ಅದರ ಸಾರ. ಬಳಕೆದಾರರ ಒಟ್ಟು ಲೆಕ್ಕದಲ್ಲಿ ಇದು ಶೇ 5ಕ್ಕಿಂತ ಕಡಿಮೆ. ಬಳಕೆದಾರರ ಹೆಸರು, ಹ್ಯಾಶ್ ಮಾಡಿಟ್ಟ ಪಾಸ್‌ವರ್ಡ್ ಇತ್ಯಾದಿ ಸೋರಿದ ಸುದ್ದಿ ನಮಗೆಲ್ಲ ಹಳತಾಗಿಬಿಟ್ಟಿದೆ. ಆದರೆ ಆ ಪಟ್ಟಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು: ಸ್ವಯಂಚಾಲಿತ ಬಿಲ್ಡ್‌ಗಾಗಿ ಬಳಕೆದಾರರು ಕೊಟ್ಟಿದ್ದ ಗಿಟ್‌ಹಬ್ ಮತ್ತು ಬಿಟ್‌ಬಕೆಟ್ ಟೋಕನ್‌ಗಳು, ಅಂದರೆ ಕೋಡ್ ಇಡುವ ಆ ತಾಣಗಳಿಗೆ ಪ್ರವೇಶ ಕೊಡುವ ಕೀಲಿಗಳು.

ಡಾಕರ್ ಹಬ್ ಪಾಸ್‌ವರ್ಡ್ ಸೋರಿದರೆ ಅಪಾಯ ಮುಖ್ಯವಾಗಿ ಡಾಕರ್ ಹಬ್ ಖಾತೆಗೆ. ಟೋಕನ್ ಸೋರಿದರೆ ಅಪಾಯ ಬೇರೊಂದು ಊರಿನಲ್ಲಿ ಕಾದಿರುತ್ತದೆ. ಗಿಟ್‌ಹಬ್‌ನ ಖಾಸಗಿ ರೆಪೊಸಿಟರಿಗಳಲ್ಲಿ ಕಂಪನಿಯೊಂದು ವರ್ಷಗಟ್ಟಲೆ ಬರೆದಿಟ್ಟ ಕೋಡ್ ಇದೆಯಲ್ಲ, ಅದರ ಬಾಗಿಲೇ ತೆರೆಯುತ್ತದೆ. ಡಾಕರ್ ಕಂಪನಿ ಆ ಟೋಕನ್‌ಗಳನ್ನೆಲ್ಲ ರದ್ದು ಮಾಡಿತು, ಖಾತೆಗಳನ್ನು ಮತ್ತೆ ಜೋಡಿಸಿಕೊಳ್ಳಿ ಎಂದು ಬಳಕೆದಾರರಿಗೆ ಹೇಳಿತು. ಬಿಲ್ಡ್ ಮಾಡುವ ಯಂತ್ರಕ್ಕೆ ಖಾಸಗಿ ಕೋಡ್‌ನ ಕೀಲಿಯನ್ನು ಹೇಗೆ ಕೊಡಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಅಲ್ಲಿಂದ ಈಚೆಗೆ ನಡೆದ ದೊಡ್ಡ ಸೋರಿಕೆಗಳಲ್ಲಿ ಹಲವು ಇದೇ ಪ್ರಶ್ನೆಯ ಸುತ್ತ ನಡೆದವು.

ಕಂಟೇನರ್ ಇಮೇಜ್ ಎಂದರೆ ಒಂದು ತಂತ್ರಾಂಶ ಮತ್ತು ಅದು ಓಡಲು ಬೇಕಾದ ಲೈಬ್ರರಿ, ಸೆಟ್ಟಿಂಗ್, ಫೈಲ್ ಎಲ್ಲವನ್ನೂ ಒಟ್ಟಿಗೆ ಕಟ್ಟಿಟ್ಟ ಗಂಟು. 2013ರಲ್ಲಿ ಡಾಕರ್ ಬಂದ ಮೇಲೆ ಈ ಪದ್ಧತಿ ಉದ್ಯಮವನ್ನೆಲ್ಲ ವ್ಯಾಪಿಸಿತು. ಗಂಟನ್ನು ಹೇಗೆ ಕಟ್ಟಬೇಕು ಎಂಬ ಸಾಲುಸಾಲು ಆದೇಶಗಳು ಡಾಕರ್‌ಫೈಲ್ ಎಂಬ ಕಡತದಲ್ಲಿರುತ್ತವೆ. ಪ್ರೋಗ್ರಾಮರ್ ಹೊಸ ಕೋಡ್ ಪುಶ್ ಮಾಡಿದ ಕೂಡಲೇ ದೂರದ ಸರ್ವರ್ ಒಂದು ಎಚ್ಚೆತ್ತು, ಕೋಡ್ ಇಳಿಸಿಕೊಂಡು, ಆದೇಶಗಳನ್ನು ಒಂದೊಂದಾಗಿ ನಡೆಸಿ, ಸಿದ್ಧವಾದ ಇಮೇಜನ್ನು ರಿಜಿಸ್ಟ್ರಿಗೆ, ಅಂದರೆ ಡಾಕರ್ ಹಬ್‌ನಂಥ ಇಮೇಜ್ ಭಂಡಾರಕ್ಕೆ, ಏರಿಸುತ್ತದೆ. ಇದೇ ಸ್ವಯಂಚಾಲಿತ ಬಿಲ್ಡ್. ಮನುಷ್ಯರು ಕುಳಿತು ಮಾಡುತ್ತಿದ್ದ ಕೆಲಸವನ್ನು ದಿನಕ್ಕೆ ಎಷ್ಟು ಬಾರಿ ಬೇಕಾದರೂ ಬೇಸರವಿಲ್ಲದೆ ಮಾಡುತ್ತದೆ.

ಕೋಡ್ ಎಲ್ಲರಿಗೂ ತೆರೆದಿದ್ದರೆ ಇಲ್ಲಿ ತೊಡಕೇನೂ ಇಲ್ಲ. ಕಂಪನಿಗಳ ಕೋಡ್ ಹಾಗಿರುವುದಿಲ್ಲ. ಬಿಲ್ಲಿಂಗ್ ಸೇವೆಯ ಕೋಡ್ ಒಂದು ಖಾಸಗಿ ರೆಪೊದಲ್ಲಿ, ಅದು ನೆಚ್ಚಿಕೊಂಡ ಆಂತರಿಕ ಲೈಬ್ರರಿ ಇನ್ನೊಂದರಲ್ಲಿ, ಸಬ್‌ಮಾಡ್ಯೂಲ್ ಮೂರನೆಯದರಲ್ಲಿ. ಬಿಲ್ಡ್ ನಡುವೆ ಗಿಟ್ ಕ್ಲೋನ್ ಆದೇಶ ಬಂದಾಗ ಗಿಟ್‌ಹಬ್ ‘ನೀನು ಯಾರು’ ಎಂದು ಕೇಳುತ್ತದೆ. ಉತ್ತರ ಹೇಳಲು ಅಲ್ಲಿ ಮನುಷ್ಯರಿಲ್ಲ. ಹಾಗಾಗಿ ಮನುಷ್ಯರು ಮೊದಲೇ ಒಂದು ಗುಟ್ಟನ್ನು ಯಂತ್ರದ ಬಳಿ ಇಟ್ಟು ಹೋಗಬೇಕು. ಅದು ಎಸ್‌ಎಸ್‌ಎಚ್ ಕೀಲಿ ಇರಬಹುದು, ಟೋಕನ್ ಇರಬಹುದು. ಬಿಲ್ಡ್ ಮುಗಿದ ಮೇಲೆ ಆ ಗುಟ್ಟು ಎಲ್ಲಿ ಹೋಗುತ್ತದೆ?

ಬಹಳ ಮಂದಿ ಎಡವುವುದು ಇಲ್ಲೇ. ಆತುರದಲ್ಲಿ ಬರೆದ ಡಾಕರ್‌ಫೈಲ್‌ನ ರೂಪ ಹೀಗಿರುತ್ತದೆ: ಮೊದಲ ಸಾಲಿನಲ್ಲಿ ಕೀಲಿಯ ಫೈಲನ್ನು ಇಮೇಜಿನೊಳಕ್ಕೆ ನಕಲು ಮಾಡು, ಎರಡನೆಯದರಲ್ಲಿ ಖಾಸಗಿ ಕೋಡ್ ಕ್ಲೋನ್ ಮಾಡು, ಮೂರನೆಯದರಲ್ಲಿ ಕೀಲಿಯನ್ನು ಅಳಿಸು. ಓದಲು ಅಚ್ಚುಕಟ್ಟಾಗಿದೆ, ಕೆಲಸವೂ ಆಗುತ್ತದೆ. ಆದರೆ ಡಾಕರ್ ಇಮೇಜ್ ಪದರಗಳ ಮೇಲೆ ಪದರವಾಗಿ ಬೆಳೆಯುವಂಥದ್ದು. ಫೈಲುಗಳನ್ನು ಮುಟ್ಟುವ ಪ್ರತಿ ಆದೇಶವೂ ಒಂದು ಹೊಸ ಪದರವನ್ನು ಹುಟ್ಟಿಸುತ್ತದೆ, ಹುಟ್ಟಿದ ಪದರ ಮತ್ತೆ ಬದಲಾಗುವುದಿಲ್ಲ. ಮೂರನೆಯ ಪದರದಲ್ಲಿ ‘ಅಳಿಸು’ ಎಂದಾಗ ನಡೆಯುವುದಿಷ್ಟೆ: ‘ಕೆಳಗಿನ ಆ ಫೈಲನ್ನು ತೋರಿಸಬೇಡ’ ಎಂಬ ಒಂದು ಗುರುತು ಸೇರುತ್ತದೆ. ಗೋಡೆಯ ಮೇಲಿನ ಬರಹಕ್ಕೆ ಸುಣ್ಣ ಬಳಿದಂತೆ ಇದು. ಕೆರೆದು ನೋಡುವವರಿಗೆ ಬರಹ ಅಲ್ಲೇ ಇದೆ. ಇಮೇಜನ್ನು ಇಳಿಸಿಕೊಂಡವರು ಯಾರೇ ಆಗಲಿ ಅದನ್ನು ಸಾಧಾರಣ ಟಾರ್ ಕಡತದಂತೆ ಬಿಚ್ಚಿ, ಮೊದಲ ಪದರದಿಂದ ಕೀಲಿಯನ್ನು ಎತ್ತಿಕೊಳ್ಳಬಹುದು. ಅದಕ್ಕೆ ವಿಶೇಷ ಜಾಣ್ಮೆಯೇನೂ ಬೇಕಿಲ್ಲ.

ಟೋಕನನ್ನು ಬಿಲ್ಡ್ ಆರ್ಗ್ಯುಮೆಂಟ್ ಆಗಿ ಕೊಟ್ಟರೆ ಫೈಲೇ ಇಲ್ಲವಲ್ಲ ಎಂದು ಕೆಲವರು ಸಮಾಧಾನಪಡುತ್ತಾರೆ. ಆದರೆ ಅದನ್ನು ಬಳಸಿದ ಆದೇಶದ ಜೊತೆಗೆ ಅದರ ಬೆಲೆಯೂ ಇಮೇಜಿನ ಇತಿಹಾಸದಲ್ಲಿ ದಾಖಲಾಗಿರುತ್ತದೆ. ಡಾಕರ್ ಹಿಸ್ಟರಿ ಎಂಬ ಒಂದೇ ಆದೇಶ ಅದನ್ನು ಹೊರಗೆ ತರುತ್ತದೆ. ಈಚಿನ ವರ್ಷಗಳಲ್ಲಿ ಇಮೇಜಿನ ಹುಟ್ಟಿನ ವಿವರವನ್ನು ಸಾರುವ ಪ್ರಾವೆನೆನ್ಸ್ ದಾಖಲೆಯನ್ನು ಜೊತೆಗೇ ಲಗತ್ತಿಸುವ ಪದ್ಧತಿ ಬಂದಿದೆ. ಅದನ್ನು ಪೂರ್ಣ ವಿವರದ ರೂಪದಲ್ಲಿ ಕೇಳಿದರೆ ಬಿಲ್ಡ್ ಆರ್ಗ್ಯುಮೆಂಟ್‌ಗಳು ಅಲ್ಲಿಯೂ ಕಾಣಿಸಿಕೊಳ್ಳುತ್ತವೆ. ನಂಬಿಕೆ ಹೆಚ್ಚಿಸಲೆಂದು ಬಂದ ದಾಖಲೆಯೇ ಗುಟ್ಟು ಬಯಲು ಮಾಡುವ ಈ ಸಂದರ್ಭ ನನಗೆ ನಿಜಕ್ಕೂ ಕಳವಳ ತರುತ್ತದೆ.

ಇದೆಲ್ಲ ಪುಸ್ತಕದ ಎಚ್ಚರಿಕೆ ಎಂದುಕೊಳ್ಳುವವರು 2021ರ ಕೋಡ್‌ಕವ್ ಪ್ರಕರಣವನ್ನು ನೋಡಬೇಕು. ಪ್ರೋಗ್ರಾಂನ ಎಷ್ಟು ಭಾಗವನ್ನು ಪರೀಕ್ಷೆಗಳು ಮುಟ್ಟಿವೆ ಎಂದು ಅಳೆದು ಹೇಳುವ ಸೇವೆ ಅದು. ಸಾವಿರಾರು ಕಂಪನಿಗಳು ಅದರ ಬ್ಯಾಶ್ ಅಪ್‌ಲೋಡರ್ ಎಂಬ ಪುಟ್ಟ ಸ್ಕ್ರಿಪ್ಟನ್ನು ತಮ್ಮ ಬಿಲ್ಡ್‌ಗಳೊಳಗೆ ಓಡಿಸುತ್ತಿದ್ದವು. ಕೋಡ್‌ಕವ್ ತಾನೇ ಸಾರ್ವಜನಿಕವಾಗಿ ಹಂಚುತ್ತಿದ್ದ ಒಂದು ಡಾಕರ್ ಇಮೇಜಿನ ನಡುವಿನ ಪದರದಲ್ಲಿ ಗೂಗಲ್ ಕ್ಲೌಡ್ ಸಂಗ್ರಹಾಗಾರದ ಕೀಲಿಯೊಂದು ಉಳಿದುಹೋಗಿತ್ತು. ದಾಳಿಕೋರರು ಅದನ್ನು ಹೆಕ್ಕಿ, ಸಂಗ್ರಹಾಗಾರಕ್ಕೆ ಹೋಗಿ, ಆ ಸ್ಕ್ರಿಪ್ಟನ್ನೇ ತಿದ್ದಿದರು. ಜನವರಿ 31ರಿಂದ ಏಪ್ರಿಲ್ 1ರವರೆಗೆ, ತಿದ್ದಿದ ಸ್ಕ್ರಿಪ್ಟ್ ಎಲ್ಲೆಲ್ಲಿ ಓಡಿತೋ ಅಲ್ಲೆಲ್ಲ ಬಿಲ್ಡ್ ಯಂತ್ರದ ಎನ್ವಿರಾನ್ಮೆಂಟ್ ವೇರಿಯಬಲ್‌ಗಳು ಸದ್ದಿಲ್ಲದೆ ಹೊರಗೆ ಹರಿದವು. ಟೋಕನ್‌ಗಳನ್ನು ಬಹಳ ಜನ ಇಟ್ಟಿದ್ದುದು ಅಲ್ಲಿಯೇ. ತನ್ನ ತಂತ್ರಾಂಶಗಳಿಗೆ ಸಹಿ ಹಾಕುವ ಕೀಲಿ ಬಯಲಾಗಿದೆ ಎಂದು ಹ್ಯಾಶಿಕಾರ್ಪ್‌ನಂಥ ಕಂಪನಿ ಪ್ರಕಟಿಸಿ, ಅದನ್ನು ಬದಲಿಸಬೇಕಾಯಿತು. ಈ ಕಳ್ಳತನ ಬೆಳಕಿಗೆ ಬಂದದ್ದು ಒಬ್ಬ ಗ್ರಾಹಕನಿಂದ. ಇಳಿಸಿಕೊಂಡ ಸ್ಕ್ರಿಪ್ಟಿನ ಶಾಸಮ್ ಅಂಕಿಯನ್ನು, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತನ್ನು, ಗಿಟ್‌ಹಬ್‌ನಲ್ಲಿ ಪ್ರಕಟವಾಗಿದ್ದ ಅಂಕಿಯೊಂದಿಗೆ ಆತ ಹೋಲಿಸಿ ನೋಡಿದ, ಎರಡೂ ಹೊಂದಲಿಲ್ಲ. ಒಂದು ಸಾಲಿನ ಆ ತಾಳೆ ನೋಡುವಿಕೆಯನ್ನು ಎರಡು ತಿಂಗಳು ಬೇರೆ ಯಾರೂ ಮಾಡಿರಲಿಲ್ಲ, ಅಥವಾ ಮಾಡಿದವರು ಹೇಳಿರಲಿಲ್ಲ.

ಕೋಡ್‌ಕವ್‌ನಲ್ಲಿ ಹಾನಿಯಾಯಿತು. 2024ರ ಪೈಥಾನ್ ಪ್ರಕರಣದಲ್ಲಿ ಆಗದೆ ಉಳಿಯಿತು. ಜೂನ್ 28ರಂದು ಜೆಫ್ರಾಗ್ ಎಂಬ ಭದ್ರತಾ ಕಂಪನಿಯ ಸಂಶೋಧಕರು ಡಾಕರ್ ಹಬ್‌ನ ಒಂದು ಸಾರ್ವಜನಿಕ ಇಮೇಜಿನೊಳಗೆ ಗಿಟ್‌ಹಬ್ ಟೋಕನ್ ಒಂದನ್ನು ಕಂಡರು. ಅದು ಪೈಪೈ ಎಂಬ ಪೈಥಾನ್ ಪ್ಯಾಕೇಜ್ ಭಂಡಾರದ ಮೂಲಸೌಕರ್ಯ ನೋಡಿಕೊಳ್ಳುವ ಮುಖ್ಯಸ್ಥರದ್ದು. ಪೈಥಾನ್ ಭಾಷೆಯ ಮೂಲ ಕೋಡ್, ಪೈಪೈ ಕೋಡ್, ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ನಿನ ರೆಪೊಗಳು, ಎಲ್ಲದರ ಮೇಲೂ ಅದಕ್ಕೆ ನಿರ್ವಾಹಕರ ಅಧಿಕಾರವಿತ್ತು. ಬ್ಯಾಂಕಿನಿಂದ ಬಾಹ್ಯಾಕಾಶ ಸಂಶೋಧನೆಯವರೆಗೆ ಓಡುವ ಭಾಷೆಯ ಬುಡಕ್ಕೆ ಕೈ ಹಾಕಬಹುದಾದ ಕೀಲಿ ಅದು.

ಅದು ಅಲ್ಲಿಗೆ ಬಂದ ಬಗೆಯನ್ನು ಆ ಅಧಿಕಾರಿಯೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಬಿಲ್ಡ್‌ಗೆ ಸಂಬಂಧಿಸಿದ ಒಂದು ಸಾಧನವನ್ನು ಸ್ವಂತ ಕಂಪ್ಯೂಟರಿನಲ್ಲಿ ಬೆಳೆಸುತ್ತಿದ್ದಾಗ, ಹೆಸರು ಹೇಳದೆ ಬರುವವರಿಗೆ ಗಿಟ್‌ಹಬ್ ಹಾಕಿರುವ ಮಿತಿ ಅಡ್ಡ ಬಂತು. ತಾತ್ಕಾಲಿಕವಾಗಿರಲಿ ಎಂದು ಟೋಕನನ್ನು ಕೋಡ್‌ನೊಳಗೇ ಬರೆದು ಕೆಲಸ ಮುಂದುವರಿಸಿದರು, ಆಮೇಲೆ ತೆಗೆದೂ ಹಾಕಿದರು. ಆದರೆ ಪೈಥಾನ್ ತಾನು ಓದಿದ ಕೋಡನ್ನು ಬೇಗ ಓಡಿಸಲೆಂದು ಕಂಪೈಲ್ ಮಾಡಿದ ಒಂದು ಪ್ರತಿಯನ್ನು ಪೈಕ್ಯಾಶ್ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಟೋಕನ್ ಆ ಪ್ರತಿಯಲ್ಲಿ ಉಳಿದಿತ್ತು. ಬಿಲ್ಡ್ ನಡೆದಾಗ ಅದೂ ಇಮೇಜಿನೊಳಕ್ಕೆ ಹೋಯಿತು. ಮೂಲ ಕೋಡನ್ನು ಎಷ್ಟು ಸಲ ಓದಿದರೂ ಅದು ಕಾಣುತ್ತಿರಲಿಲ್ಲ. ಸುದ್ದಿ ತಲುಪಿದ 17 ನಿಮಿಷಗಳಲ್ಲಿ ಪೈಪೈ ತಂಡ ಟೋಕನನ್ನು ರದ್ದು ಮಾಡಿತು, ದುರುಪಯೋಗದ ಕುರುಹು ಯಾವುದೂ ಸಿಗಲಿಲ್ಲ. ಆದರೆ ಟೋಕನ್ 2023ರ ಮಾರ್ಚ್ 3ಕ್ಕಿಂತ ಮೊದಲೇ ಹುಟ್ಟಿದ್ದು; ವರ್ಷಕ್ಕೂ ಮಿಕ್ಕಿ ಅದು ಜೀವಂತವಾಗಿತ್ತು. ತಾನು ಮಾಡಿದ್ದನ್ನು ಹೆಸರಿಟ್ಟು ಜಗತ್ತಿಗೆ ಹೇಳಿದ ಆ ಅಧಿಕಾರಿಯ ನಡೆ ಈ ಕ್ಷೇತ್ರಕ್ಕೆ ಮಾಡಿದ ಉಪಕಾರ ದೊಡ್ಡದು. ಅಷ್ಟು ಅನುಭವಿಗೇ ಇದು ಆಗಬಹುದಾದರೆ ಬೈಯಬೇಕಾದದ್ದು ಕಿರಿಯ ಎಂಜಿನಿಯರುಗಳನ್ನಲ್ಲ. ಗುಟ್ಟು ತಾನಾಗಿಯೇ ಗಂಟಿನೊಳಗೆ ಸೇರಿಕೊಳ್ಳಲು ಬಿಡುವ ಬಿಲ್ಡ್ ಪದ್ಧತಿಯನ್ನೇ ತಿದ್ದಬೇಕು.

ಇಂಥವು ಅಪರೂಪವೂ ಅಲ್ಲ. ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಾಕರ್ ಹಬ್‌ನ 3,37,171 ಇಮೇಜುಗಳನ್ನೂ ಬೇರೆ ಸಾವಿರಾರು ರಿಜಿಸ್ಟ್ರಿಗಳನ್ನೂ ಶೋಧಿಸಿದ್ದರು. ಶೇ 8.5ರಷ್ಟು ಇಮೇಜುಗಳಲ್ಲಿ ಗುಟ್ಟುಗಳಿದ್ದವು. ಸಿಕ್ಕ ಖಾಸಗಿ ಕೀಲಿಗಳೇ 52,107.

ಪರಿಹಾರ ಬಹಳ ದಿನಗಳಿಂದ ಕೈಯಳತೆಯಲ್ಲೇ ಇದೆ. 2018ರ ಕೊನೆಗೆ ಬಂದ ಡಾಕರ್ 18.09 ಆವೃತ್ತಿಯಲ್ಲಿ ಬಿಲ್ಡ್‌ಕಿಟ್ ಎಂಬ ಹೊಸ ಬಿಲ್ಡ್ ಎಂಜಿನ್ ಸೇರಿತು. 2023ರ 23.0 ಆವೃತ್ತಿಯಿಂದ ಲಿನಕ್ಸ್‌ನಲ್ಲಿ ಅದೇ ಸಹಜ ಆಯ್ಕೆ. ಅದರ ಸೀಕ್ರೆಟ್ ಮೌಂಟ್ ಎಂಬ ಸೌಲಭ್ಯದಲ್ಲಿ, ಗುಟ್ಟು ಬೇಕಾದ ಆ ಒಂದು ಆದೇಶ ಓಡುವಷ್ಟು ಹೊತ್ತು ಮಾತ್ರ ಗುಟ್ಟಿನ ಫೈಲು ರನ್ ಸೀಕ್ರೆಟ್ಸ್ ಫೋಲ್ಡರಿನಲ್ಲಿ ಕಾಣಿಸಿಕೊಳ್ಳುತ್ತದೆ. ಆದೇಶ ಮುಗಿಯಿತು ಎಂದರೆ ಅದೂ ಹೋಯಿತು. ಪದರದೊಳಕ್ಕೆ ಅದು ಇಳಿಯುವುದೇ ಇಲ್ಲವಾದ್ದರಿಂದ ಅಳಿಸುವ ಮಾತೇ ಬರುವುದಿಲ್ಲ.

ಎಸ್‌ಎಸ್‌ಎಚ್ ಮೌಂಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ನನಗೆ ಹೆಚ್ಚು ಮೆಚ್ಚುಗೆಯಾದದ್ದೂ ಅದೇ. ಇಲ್ಲಿ ಕೀಲಿ ಬಿಲ್ಡ್‌ನೊಳಕ್ಕೆ ಕಾಲಿಡುವುದೇ ಇಲ್ಲ. ಹೊರಗಿನ ಯಂತ್ರದ ಎಸ್‌ಎಸ್‌ಎಚ್ ಏಜೆಂಟ್ ಕೀಲಿಯನ್ನು ತನ್ನ ಬಳಿ ಇಟ್ಟುಕೊಂಡಿರುತ್ತದೆ. ಒಳಗಿನ ಬಿಲ್ಡ್‌ಗೆ ಅದರೊಡನೆ ಮಾತಾಡಲು ಒಂದು ಸಾಕೆಟ್ ಮಾತ್ರ ಸಿಗುತ್ತದೆ. ಗಿಟ್‌ಹಬ್ ಒಡ್ಡಿದ ಸವಾಲನ್ನು ಬಿಲ್ಡ್ ಏಜೆಂಟಿಗೆ ದಾಟಿಸುತ್ತದೆ, ಏಜೆಂಟ್ ಸಹಿ ಮಾಡಿ ಹಿಂತಿರುಗಿಸುತ್ತದೆ. ಬಿಲ್ಡ್‌ನೊಳಗೆ ಕಳ್ಳನೇ ಕೂತಿದ್ದರೂ ಕೀಲಿಯ ನಕಲನ್ನು ಹೊತ್ತೊಯ್ಯಲಾರ. ಆ ಕ್ಷಣದಲ್ಲಿ ಸಹಿಯನ್ನು ದುರುಪಯೋಗಪಡಿಸಿಕೊಳ್ಳಬಹುದು, ಅಷ್ಟೇ. ಆ ‘ಅಷ್ಟೇ’ಯನ್ನೂ ಹಗುರವಾಗಿ ಕಾಣಬಾರದು. ಕೋಡ್ ಇಳಿಸಿಕೊಳ್ಳುವ ಆದೇಶವನ್ನೂ, ಅಪರಿಚಿತ ಪ್ಯಾಕೇಜುಗಳ ಇನ್‌ಸ್ಟಾಲ್ ಸ್ಕ್ರಿಪ್ಟ್ ಓಡುವ ಆದೇಶವನ್ನೂ ಬೇರೆಬೇರೆ ಸಾಲುಗಳಲ್ಲಿ ಇಟ್ಟು, ಮೊದಲನೆಯದಕ್ಕೆ ಮಾತ್ರ ಗುಟ್ಟು ಕೊಡುವುದು ಸರಿ.

ಸೀಕ್ರೆಟ್ ಮೌಂಟ್ ಬಳಸಿಯೂ ಗುಟ್ಟನ್ನು ಇಮೇಜಿನಲ್ಲೇ ಬಿಟ್ಟುಬರುವ ದಾರಿ ಒಂದಿದೆ. ಟೋಕನನ್ನು ಓದಿಕೊಂಡು, ‘ಇನ್ನು ಮುಂದೆ ಈ ವಿಳಾಸಕ್ಕೆ ಹೋಗುವಾಗ ಇದನ್ನು ಸೇರಿಸಿಕೋ’ ಎಂದು ಗಿಟ್ ಕಾನ್ಫಿಗ್‌ಗೆ ಹೇಳುವುದು ಬಹಳ ತಂಡಗಳ ರೂಢಿ. ಹಾಗೆ ಹೇಳಿದ ಮಾತನ್ನು ಗಿಟ್ ತನ್ನ ಸೆಟ್ಟಿಂಗ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಆ ಫೈಲು ಪದರಕ್ಕೆ ಸೇರುತ್ತದೆ. ಮೌಂಟ್ ಮಾಯವಾಗುತ್ತದೆ, ಟೋಕನ್ ಉಳಿಯುತ್ತದೆ. ಟೋಕನ್ ಅಂಟಿಸಿದ ವಿಳಾಸದಿಂದ ಕ್ಲೋನ್ ಮಾಡಿದಾಗ ಡಾಟ್‌ಗಿಟ್ ಫೋಲ್ಡರಿನ ಒಳಗೂ ಇದೇ ಕತೆ. ‘ಇಲ್ಲಿರುವುದನ್ನೆಲ್ಲ ಇಮೇಜಿಗೆ ನಕಲು ಮಾಡು’ ಎಂಬ ಎಲ್ಲರ ಪ್ರೀತಿಯ ಆದೇಶ ಆ ಫೋಲ್ಡರನ್ನೂ ಎಳೆದುಕೊಂಡು ಹೋಗುತ್ತದೆ. ಡಾಕರ್‌ಇಗ್ನೋರ್ ಫೈಲಿನಲ್ಲಿ ಡಾಟ್‌ಗಿಟ್, ಪೈಕ್ಯಾಶ್, ಎನ್ವ್ ಫೈಲುಗಳನ್ನು ನಮೂದಿಸುವುದಕ್ಕೆ ಒಂದು ನಿಮಿಷ ಸಾಕು. 2017ರಲ್ಲಿ ಬಂದ ಮಲ್ಟಿಸ್ಟೇಜ್ ಬಿಲ್ಡ್ ಕೂಡ ನೆರವಿಗೆ ಬರುತ್ತದೆ: ಕೋಡ್ ತರುವುದು, ಕಟ್ಟುವುದು ಒಂದು ಹಂತದಲ್ಲಿ, ಕೊನೆಯ ಇಮೇಜಿಗೆ ಹೋಗುವುದು ಸಿದ್ಧವಾದ ಫಲ ಮಾತ್ರ. ಆದರೆ ಕಾಲ ಉಳಿಸಲೆಂದು ನಡುವಿನ ಪದರಗಳ ಕ್ಯಾಶನ್ನು ರಿಜಿಸ್ಟ್ರಿಗೆ ಏರಿಸುವವರು, ಮೊದಲ ಹಂತದಲ್ಲಿ ಗುಟ್ಟು ಬಿಟ್ಟಿದ್ದರೆ ಅದನ್ನೂ ಏರಿಸಿದಂತೆಯೇ.

ನಾವು ಯಾರು ಎಂದು ಗಿಟ್‌ಹಬ್‌ಗೆ ಸಾಬೀತುಪಡಿಸುವಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆ: ಎದುರಿಗಿರುವುದು ನಿಜಕ್ಕೂ ಗಿಟ್‌ಹಬ್ಬೇ ಎಂದು ನೋಡುವುದು. 2023ರ ಮಾರ್ಚ್ 24ರಂದು ಗಿಟ್‌ಹಬ್ ತನ್ನ ಆರ್‌ಎಸ್‌ಎ ಎಸ್‌ಎಸ್‌ಎಚ್ ಹೋಸ್ಟ್ ಕೀಲಿಯನ್ನೇ ಬದಲಿಸಿತು. ಅದರ ಖಾಸಗಿ ಕೀಲಿ ಅಲ್ಪಕಾಲ ಒಂದು ಸಾರ್ವಜನಿಕ ರೆಪೊಸಿಟರಿಯಲ್ಲಿ ಬಯಲಾಗಿತ್ತು. ಜಗತ್ತಿನ ಕೋಡ್ ಕಾಯುವ ಸಂಸ್ಥೆಯ ಕೀಲಿ ಅದರದೇ ಅಂಗಳದಲ್ಲಿ ಬಿದ್ದಿತ್ತು. ಹಳೆಯ ಕೀಲಿಯನ್ನು ನೆಚ್ಚಿದ್ದ ಬಿಲ್ಡ್‌ಗಳೆಲ್ಲ ಎಚ್ಚರಿಕೆ ಕೂಗಿ ನಿಂತವು. ನಿಲ್ಲಬೇಕಾದದ್ದೇ ಹಾಗೆ. ಇಂಥ ಕಿರಿಕಿರಿ ಬೇಡವೆಂದು ಹೋಸ್ಟ್ ಕೀಲಿಯ ತಪಾಸಣೆಯನ್ನೇ ಆರಿಸಿಬಿಡುವ ಸಾಲು ಎಷ್ಟೋ ಡಾಕರ್‌ಫೈಲುಗಳಲ್ಲಿ ಇರುತ್ತದೆ. ನಡುವೆ ಯಾರು ನಿಂತು ಕೋಡ್ ಬದಲಿಸಿದರೂ ಆ ಬಿಲ್ಡ್ ಪ್ರಶ್ನಿಸುವುದಿಲ್ಲ. ಗಿಟ್‌ಹಬ್ ಪ್ರಕಟಿಸಿರುವ ಹೋಸ್ಟ್ ಕೀಲಿಗಳನ್ನು ನೋನ್ ಹೋಸ್ಟ್ಸ್ ಫೈಲಿನಲ್ಲಿ ಮೊದಲೇ ಬರೆದಿಟ್ಟರೆ ತಪಾಸಣೆಯೂ ಉಳಿಯುತ್ತದೆ, ಬಿಲ್ಡ್ ಕೂಡ ಓಡುತ್ತದೆ.

ಗುಟ್ಟನ್ನು ಎಷ್ಟೇ ಜೋಪಾನ ಮಾಡಿದರೂ ಒಂದು ದಿನ ಸೋರಬಹುದು ಎಂದು ಒಪ್ಪಿಕೊಂಡರೆ, ಅದು ತೆರೆಯುವ ಬಾಗಿಲುಗಳು ಎಷ್ಟು ಎಂಬುದರ ತೂಕ ತಿಳಿಯುತ್ತದೆ. ಗಿಟ್‌ಹಬ್‌ನ ಹಳೆಯ ಓಆತ್ ಅನುಮತಿಯ ದೊಡ್ಡ ಕೊರತೆ ಇದೇ. ‘ರೆಪೊ’ ಎಂಬ ಒಂದು ಅನುಮತಿ ಕೊಟ್ಟರೆ ಆ ಬಳಕೆದಾರ ಮುಟ್ಟಬಲ್ಲ ಎಲ್ಲ ಖಾಸಗಿ ರೆಪೊಗಳೂ ತೆರೆದವು, ಓದಲಿಕ್ಕೆ ಮಾತ್ರವಲ್ಲ ಬರೆಯಲಿಕ್ಕೂ. 2022ರ ಏಪ್ರಿಲ್‌ನಲ್ಲಿ ಹೆರೋಕು ಮತ್ತು ಟ್ರಾವಿಸ್ ಸಿಐ ಸೇವೆಗಳಿಗೆ ಕೊಟ್ಟಿದ್ದ ಇಂಥ ಟೋಕನ್‌ಗಳು ಕಳುವಾದಾಗ, ಕಳ್ಳರು ಹತ್ತಾರು ಸಂಸ್ಥೆಗಳ ಖಾಸಗಿ ಕೋಡ್ ಇಳಿಸಿಕೊಂಡರು. ಗಿಟ್‌ಹಬ್‌ನದೇ ಒಡೆತನದ ಪ್ಯಾಕೇಜ್ ಭಂಡಾರ ಎನ್‌ಪಿಎಂ ಕೂಡ ಅವುಗಳಲ್ಲಿತ್ತು. ಡಿಪ್ಲಾಯ್ ಕೀ ಹಾಗಲ್ಲ. ಒಂದು ಕೀಲಿ ಒಂದೇ ರೆಪೊಗೆ, ಬರೆಯುವ ಅನುಮತಿಯನ್ನು ಬೇರೆಯಾಗಿ ಕೊಡದ ಹೊರತು ಓದಲು ಮಾತ್ರ. ಗಿಟ್‌ಹಬ್ ಆಪ್ ಮೂಲಕ ಪಡೆದ ಟೋಕನ್ ಆಯ್ದ ರೆಪೊಗಳಿಗಷ್ಟೇ ಸೀಮಿತ, ಒಂದು ಗಂಟೆಯಲ್ಲಿ ತಾನಾಗಿಯೇ ಸಾಯುತ್ತದೆ. ಪೈಥಾನ್ ಪ್ರಕರಣದ ಟೋಕನ್‌ಗೆ ಒಂದು ಗಂಟೆಯ ಆಯುಷ್ಯವಿದ್ದಿದ್ದರೆ ಸಂಶೋಧಕರ ಕೈಗೆ ಸಿಕ್ಕಿದ್ದು ಸತ್ತ ಅಕ್ಷರಮಾಲೆ ಆಗಿರುತ್ತಿತ್ತು. ಒಂದೇ ಆಯ್ಕೆ ಮಾಡಿ ಎಂದು ಯಾರಾದರೂ ಕೇಳಿದರೆ ಅಲ್ಪಾಯುಷ್ಯದ ಟೋಕನ್‌ಗೇ ನನ್ನ ಮತ.

ಗುಟ್ಟನ್ನು ಕಾಯಲು ನಂಬಿದ ಸೇವೆಯೇ ಒಡೆದರೂ ಈ ಅಲ್ಪಾಯುಷ್ಯ ಕಾಪಾಡುತ್ತದೆ. 2023ರ ಜನವರಿ 4ರಂದು ಸರ್ಕಲ್‌ಸಿಐ ಎಂಬ ಬಿಲ್ಡ್ ಸೇವೆ ತನ್ನ ಗ್ರಾಹಕರಿಗೆಲ್ಲ ‘ನಮ್ಮಲ್ಲಿ ಇಟ್ಟಿರುವ ಎಲ್ಲ ಗುಟ್ಟುಗಳನ್ನೂ ಕೂಡಲೇ ಬದಲಿಸಿ’ ಎಂದು ಹೇಳಬೇಕಾಯಿತು. ಒಬ್ಬ ಎಂಜಿನಿಯರಿನ ಲ್ಯಾಪ್‌ಟಾಪಿಗೆ ಹೊಕ್ಕ ಮಾಲ್‌ವೇರ್, ಎರಡು ಹಂತದ ಪರೀಕ್ಷೆ ದಾಟಿ ಪಡೆದ ಸೆಷನ್ ಕುಕಿಯನ್ನು ಕದ್ದಿತ್ತು. ಗ್ರಾಹಕರ ಗುಟ್ಟುಗಳು ಎನ್‌ಕ್ರಿಪ್ಟ್ ಆಗಿಯೇ ಇದ್ದವು. ಆದರೆ ಓಡುತ್ತಿದ್ದ ಪ್ರೊಸೆಸ್ಸಿನಿಂದ ದಾಳಿಕೋರರು ಎನ್‌ಕ್ರಿಪ್ಷನ್ ಕೀಲಿಗಳನ್ನೂ ಎತ್ತಿಕೊಂಡಿದ್ದರು.

ಬಿಲ್ಡ್ ಯಂತ್ರ ಓಡಿಸುವುದು ಪರರ ಕೋಡ್ ಎಂಬುದನ್ನೂ ಮರೆಯಲಾಗದು. ಅಪರಿಚಿತರೊಬ್ಬರು ಪುಲ್ ರಿಕ್ವೆಸ್ಟ್ ಕಳಿಸಿದಾಗ ಅವರು ತಿದ್ದಿದ ಡಾಕರ್‌ಫೈಲ್ ನಿಮ್ಮ ಯಂತ್ರದಲ್ಲಿ ಓಡುತ್ತದೆ. ಆ ಓಟಕ್ಕೆ ಗುಟ್ಟು ಕೊಡಬಾರದು. 2021ರ ಸೆಪ್ಟೆಂಬರ್‌ನಲ್ಲಿ ಒಂದು ದೋಷದಿಂದಾಗಿ ಟ್ರಾವಿಸ್ ಸಿಐ ಕೆಲವು ದಿನ ಹೀಗೆ ಕೊಟ್ಟುಬಿಟ್ಟಿತ್ತು. 2025ರ ಮಾರ್ಚ್‌ನಲ್ಲಿ, 23,000ಕ್ಕೂ ಹೆಚ್ಚು ರೆಪೊಗಳು ಬಳಸುತ್ತಿದ್ದ ‘ಚೇಂಜ್ಡ್ ಫೈಲ್ಸ್’ ಎಂಬ ಗಿಟ್‌ಹಬ್ ಆಕ್ಷನ್ನಿನ ಆವೃತ್ತಿ ಟ್ಯಾಗ್‌ಗಳನ್ನು ದಾಳಿಕೋರರು ತಮ್ಮ ಕೋಡಿನತ್ತ ತಿರುಗಿಸಿದರು. ಅದು ಬಿಲ್ಡ್ ಯಂತ್ರದ ಮೆಮೊರಿಯಲ್ಲಿದ್ದ ಗುಟ್ಟುಗಳನ್ನು ಲಾಗ್‌ನಲ್ಲಿ ಅಚ್ಚು ಹಾಕಿತು. ಟ್ಯಾಗಿನ ಬದಲು ಪೂರ್ಣ ಕಮಿಟ್ ಸಂಖ್ಯೆಯನ್ನು ಮೊದಲೇ ನಮೂದಿಸಿದ್ದವರ ಬಿಲ್ಡ್‌ಗಳು ಹಳೆಯ, ಒಳ್ಳೆಯ ಕೋಡನ್ನೇ ಓಡಿಸುತ್ತಿದ್ದವು. ಇನ್ನು ಬಿಲ್ಡ್‌ಗೆ ಅನುಕೂಲವಾಗಲೆಂದು ಹೊರಗಿನ ಡಾಕರ್ ಸಾಕೆಟ್ಟನ್ನು ಒಳಗೆ ಕೊಡುವವರಿದ್ದಾರೆ. ಅದು ಇಡೀ ಯಂತ್ರದ ರೂಟ್ ಅಧಿಕಾರ ಕೊಟ್ಟಂತೆ. ರೂಟ್‌ಲೆಸ್ ಬಿಲ್ಡ್‌ಕಿಟ್, ಬಿಲ್ಡಾದಂಥ ಸಾಧನಗಳಿರುವಾಗ ಅದರ ಅಗತ್ಯವಿಲ್ಲ.

ಸೋರಿದ ಮೇಲೆ ಮಾಡಬೇಕಾದ ಕೆಲಸಕ್ಕೂ ಒಂದು ಕ್ರಮವಿದೆ. ಮೊದಲು ಟೋಕನ್ ರದ್ದು, ಆಮೇಲೆ ಉಳಿದದ್ದು. ಇಮೇಜ್ ಅಳಿಸುವುದರಲ್ಲಿ, ಗಿಟ್ ಇತಿಹಾಸ ತೊಳೆಯುವುದರಲ್ಲಿ ಮೊದಲ ಗಂಟೆ ಕಳೆದರೆ ಅಷ್ಟು ಹೊತ್ತೂ ಕೀಲಿ ಕೆಲಸ ಮಾಡುತ್ತಲೇ ಇರುತ್ತದೆ, ಅಳಿಸುವ ಮೊದಲು ಇಳಿಸಿಕೊಂಡವರ ಬಳಿ ಇಮೇಜ್ ಇದ್ದೇ ಇರುತ್ತದೆ. ನಂತರ ಲಾಗ್ ಓದಬೇಕು. ಪೈಪೈ ಪ್ರಕರಣದಲ್ಲಿ ಟೋಕನ್ ಹುಟ್ಟಿದ ನಿಖರ ದಿನಾಂಕ ಸಿಗದೇ ಹೋದದ್ದು ಭದ್ರತಾ ಲಾಗ್‌ಗಳು 90 ದಿನಕ್ಕಿಂತ ಹಿಂದಿನವು ಇರಲಿಲ್ಲವೆಂಬ ಕಾರಣಕ್ಕೆ. ನಮ್ಮಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ 180 ದಿನಗಳ ಲಾಗ್ ಇಡಲು ಹೇಳುತ್ತದೆ, ಡೇಟಾ ಸೋರಿಕೆಯಂಥ ಘಟನೆಯನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಲು ಹೇಳುತ್ತದೆ. ಬೆಂಗಳೂರಿನ ಪುಟ್ಟ ಸ್ಟಾರ್ಟಪ್ಪಿಗೂ ಅದು ಅನ್ವಯ. ಬಿಲ್ಡ್ ಲಾಗ್‌ಗಳನ್ನು ವಾರಕ್ಕೊಮ್ಮೆ ಅಳಿಸುವ ಸೆಟ್ಟಿಂಗ್ ಇಟ್ಟುಕೊಂಡಿರುವ ತಂಡಗಳು ಈ ಎರಡು ಅಂಕಿಗಳನ್ನು ಎದುರಿಗಿಟ್ಟು ಅದನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು.

ಎಲ್ಲಿಂದ ಶುರು ಮಾಡಬೇಕು ಎನ್ನುವವರಿಗೆ ನಾನು ತೋರಿಸುವುದು ರೆಪೊಸಿಟರಿ ಸೆಟ್ಟಿಂಗ್ಸ್‌ನ ಡಿಪ್ಲಾಯ್ ಕೀಗಳ ಪುಟವನ್ನು. ಪ್ರತಿ ಕೀಲಿಯನ್ನು ಕೊನೆಗೆ ಬಳಸಿದ್ದು ಯಾವಾಗ, ಅದಕ್ಕೆ ಬರೆಯುವ ಅಧಿಕಾರ ಇದೆಯೇ ಎಂದು ಅಲ್ಲಿ ಕಾಣುತ್ತದೆ. ಡಿಪ್ಲಾಯ್ ಕೀಗೆ ಅವಧಿ ಮುಗಿಯುವ ದಿನಾಂಕವಿಲ್ಲ. ಅದನ್ನು ಸೇರಿಸಿದ ಎಂಜಿನಿಯರನ್ನು ರೆಪೊದಿಂದ ತೆಗೆದ ಮೇಲೂ ಕೀಲಿ ಕೆಲಸ ಮಾಡುತ್ತಲೇ ಇರುತ್ತದೆ. ಎಂಜಿನಿಯರುಗಳು ಎರಡು-ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ನಮ್ಮ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ, ಕೆಲಸ ಬಿಡುವ ದಿನ ಐಡಿ ಕಾರ್ಡ್, ಲ್ಯಾಪ್‌ಟಾಪ್ ವಾಪಸು ಪಡೆಯುವ ಪಟ್ಟಿಗೆ ಈ ಪುಟದ ಪರಿಶೀಲನೆಯೂ ಒಂದು ಸಾಲಾಗಿ ಸೇರಬೇಕು.